ಮೊದಲ ಕರಟ

ಬೆಳಿಗ್ಗೆ ರೊಟ್ಟಿ ತಿನ್ನಲು ಮನೆಗೆ ಬರುವಾಗ ನನ್ನ ಮಾವನ ಮೀಸೆಯ ತುದಿಯಲ್ಲಿ ಒಂದಿಷ್ಟು ಬಿಳಿ ನೊರೆ ಒಣಗಿಕೊಂಡಿರುತ್ತಿತ್ತು. ದಟ್ಟವಾದ, ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ ಮೀಸೆ ಅದು. ಒಳಗೆ ಸಿಕ್ಕಿಕೊಂಡ ನೊರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ಅವರೂ ಒರೆಸಿಕೊಳ್ಳುತ್ತಿರಲಿಲ್ಲ. ಅಂಗಡಿಗೆ ಬರುವವರು ಮೊದಲು ನೋಡುತ್ತಿದ್ದದ್ದೇ ಆ ನೊರೆಯನ್ನು. ಅದು ಇದ್ದರೆ ಇವತ್ತಿನ ಹೆಂಡ ಚೆನ್ನಾಗಿದೆ, ಕೂರಬಹುದು ಎಂದು ಲೆಕ್ಕ.

ಮಾವ ಎಂದರೆ ನನ್ನ ಗಂಡನ ತಂದೆ. ಚಾಮರಾಜನಗರದಿಂದ ಉಮ್ಮತ್ತೂರಿಗೆ ಹೋಗುವ ದಾರಿಯಲ್ಲಿ, ಊರಿನ ಮನೆಗಳು ಮುಗಿದ ಮೇಲೆ ಸಿಗುವ ಹುಣಸೆ ಮರದ ಕೆಳಗೆ ಅವರ ಈಚಲು ಹೆಂಡದ ಅಂಗಡಿ ಇತ್ತು. ಸೋಗೆ ಹೊದಿಸಿದ ಚಪ್ಪರ, ಎರಡು ಕಲ್ಲುಬೆಂಚು, ಸಾಲಾಗಿಟ್ಟ ಮಡಕೆಗಳು, ಅಷ್ಟೇ. ತಾವೇ ಮರ ಹತ್ತಿ ಹೆಂಡ ಇಳಿಸುತ್ತಿದ್ದ ಪ್ರಾಯದಿಂದ ಅವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮರದಿಂದ ಬಂದ ಹೆಂಡವನ್ನು ಯಾರಿಗೂ ಅಳೆದು ಕೊಡುವ ಮೊದಲು, ಅಂಗಡಿಯ ಹೊಸಿಲ ಮೇಲೆ, ಬಂದವರಿಗೆ ಮುಖ ಮಾಡಿ ನಿಂತು, ಒಂದು ಕರಟದ ತುಂಬ ತಾವು ಕುಡಿಯುತ್ತಿದ್ದರು. ತೆಂಗಿನ ಕರಟ ಅದು, ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಒಂದು ಕರಟ ಬಿಟ್ಟರೆ ದಿನವಿಡೀ ಮತ್ತೆ ತುಟಿಗೆ ಮುಟ್ಟಿಸುತ್ತಿರಲಿಲ್ಲ. ಹೆಂಡದಂಗಡಿಯವರಾದರೂ ಅವರು ಕುಡುಕರಲ್ಲ ಎಂದು ನಾನು ನಂಬಲು ಒಂದು ವರ್ಷ ಹಿಡಿಯಿತು. ಯಾಕೆ ಹಾಗೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ನಾನ್ ಕುಡೀದೆ ಇರದ್ನ ಇನ್ನೊಬ್ರ ಬಾಯ್ಗೆ ಉಯ್ಯಾಕಿಲ್ಲ ಕಣವ್ವ."

ನಾನು ಗುಂಡ್ಲುಪೇಟೆಯವಳು. ಅಪ್ಪನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ನೋಟ್ ಪುಸ್ತಕ, ಪೆನ್ನು ಮಾರುವ ಸಣ್ಣ ಅಂಗಡಿ. ತೊಂಬತ್ತರ ದಶಕದ ಮೊದಲಲ್ಲಿ ನನ್ನ ಮದುವೆ ಗೊತ್ತಾದಾಗ, ಹುಡುಗನ ಮನೆಯವರು ಏನು ಮಾಡುತ್ತಾರೆ ಎಂದು ಬೀದಿಯವರು ಕೇಳಿದರೆ ಅಪ್ಪ ವ್ಯಾಪಾರ ಎಂದು ಹೇಳಿ ಮಾತು ತಿರುಗಿಸುತ್ತಿದ್ದರು. ನಾನೂ ಗೆಳತಿಯರಿಗೆ ಅದನ್ನೇ ಹೇಳಿದೆ. ಏನು ವ್ಯಾಪಾರ ಎಂದು ಒಬ್ಬಳು ಬೆನ್ನು ಬಿಡದೆ ಕೇಳಿದಾಗ ದಿನಸಿ ಎಂದುಬಿಟ್ಟೆ. ಪುಣ್ಯಾತಗಿತ್ತಿ ಮದುವೆ ಮನೆಯಲ್ಲಿ ನನ್ನ ಮಾವನನ್ನೇ ಹಿಡಿದು, ನಿಮ್ಮ ಕಡೆ ತೊಗರಿಬೇಳೆ ರೇಟು ಹೇಗಿದೆ ಎಂದು ಕೇಳಿದಳು. ಮಾವ ಒಂದು ಗಳಿಗೆ ನನ್ನ ಕಡೆ ನೋಡಿದರು. ಆಮೇಲೆ, ಈ ಸಲದ ಮಳೆ ನೋಡಿಕೊಂಡು ಹೇಳಬೇಕು ತಾಯಿ ಎಂದು ಗಂಭೀರವಾಗಿ ಉತ್ತರ ಕೊಟ್ಟರು. ನಾನು ತಾಳಿಯ ಭಾರಕ್ಕೆ ತಲೆ ತಗ್ಗಿಸಿದ್ದೇನೆ ಎಂದು ಎಲ್ಲರೂ ಅಂದುಕೊಂಡರು.

ಆ ಮಾತನ್ನು ಅವರು ಎಂದೂ ಎತ್ತಿ ಆಡಲಿಲ್ಲ. ನಾನು ಮನೆ ತುಂಬಿದ ವಾರದಿಂದಲೇ, ಸಂಜೆ ಅಂಗಡಿ ಮುಗಿಸಿ ಬಂದರೆ, ಅಂಗಡಿಗೆ ಹಾಕುವ ಅಂಗಿಯನ್ನು ಹಿತ್ತಲ ಸೀಬೆ ಮರಕ್ಕೆ ನೇತುಹಾಕಿ, ಬಾವಿಯ ಹತ್ತಿರ ಎರಡು ಬಿಂದಿಗೆ ನೀರು ಹುಯ್ದುಕೊಂಡು ಒಳಗೆ ಬರತೊಡಗಿದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಈ ಹೊಸ ಮಡಿಯನ್ನು ಗೇಲಿ ಮಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ಮೊದಲ ದೀಪಾವಳಿಗೆ ನನ್ನನ್ನು ತವರಿಗೆ ಬಿಡಲು ಅವರೇ ಬಂದರು. ಗುಂಡ್ಲುಪೇಟೆಯಲ್ಲಿ ಬಸ್ಸು ಇಳಿದರೆ ನಮ್ಮ ಬೀದಿ ಕಣ್ಣಿಗೆ ಕಾಣುತ್ತದೆ. ಚೀಲವನ್ನು ನನ್ನ ಕೈಗೆ ಕೊಟ್ಟು, ನೀನು ಹೋಗು, ನಾನು ಇದೇ ಬಸ್ಸಿಗೆ ತಿರುಗುತ್ತೇನೆ ಎಂದರು. ಮನೆಗೆ ಬನ್ನಿ ಎಂದೆ. ನಕ್ಕರು.

"ನಿಮ್ಮ ಬೀದೀಲಿ ಯಾರಾರ ಸಿಕ್ಕುದ್ರೆ ಮತ್ತೆ ಬ್ಯಾಳೆ ರೇಟ್ ಯೋಳ್ಬೇಕಾಯ್ತದೆ ಕಣವ್ವ. ನಂಗ್ ಗೊತ್ತಿಲ್ಲ."

ಅವರು ಬೇಜಾರಿಲ್ಲದೆ ಹೇಳಿದ್ದು. ನನಗೆ ಮಾತ್ರ ನಗು ಬರಲಿಲ್ಲ. ಇನ್ನೊಂದು ಸಲ ಕರೆಯಬೇಕಿತ್ತು, ಕರೆಯಲಿಲ್ಲ.

ಆ ಕಾಲದ ಅಂಗಡಿಯ ವ್ಯಾಪಾರ ಮರಗಳ ಮರ್ಜಿಯದು. ಸ್ವಲ್ಪ ದೂರದ ಹಳ್ಳದ ಪಕ್ಕ ಈಚಲ ತೋಪು ಇತ್ತು. ಮರ ಹತ್ತುವವರು ಬೆಳಿಗ್ಗೆ ಇಳಿಸಿ ತಂದಷ್ಟು ಹೆಂಡ, ಅದು ಮುಗಿಯುವ ತನಕ ಅಂಗಡಿ. ಮುಗಿದ ಮೇಲೆ ಮಾವ ಒಂದು ಮಡಕೆಯನ್ನು ತಂದು ಬಾಗಿಲ ಮುಂದೆ ಬೋರಲು ಹಾಕುತ್ತಿದ್ದರು. ಬೋರಲು ಮಡಕೆ ಕಂಡವರು ಸೈಕಲ್ ಇಳಿಯದೆ ಹಾಗೇ ಮುಂದಕ್ಕೆ ಹೋಗುತ್ತಿದ್ದರು. ಗೊಣಗಿದವರಿಗೆ ಮಾವ, ಮರಕ್ಕೇನು ನಿಮ್ಮಷ್ಟು ಅವಸರವೇ, ನಾಳೆ ಬನ್ನಿ ಎನ್ನುತ್ತಿದ್ದರಂತೆ. ಮಿಕ್ಕು ಹುಳಿಯಾದ ಹೆಂಡವನ್ನು ಮಾರುತ್ತಿರಲಿಲ್ಲ. ಅಕ್ಕಪಕ್ಕದ ಹೆಂಗಸರು ದೋಸೆ ಹಿಟ್ಟು ಉಬ್ಬಲಿ ಎಂದು ಚೊಂಬಿನಲ್ಲಿ ತೆಗೆದುಕೊಂಡು ಹೋಗುತ್ತಿದ್ದರು. ಹೆಂಡದ ಮನೆ ಎಂದು ನಮ್ಮ ಮನೆಯಲ್ಲಿ ನೀರು ಕುಡಿಯದವರ ದೋಸೆಯೂ ನಮ್ಮ ಹೆಂಡದಿಂದಲೇ ಉಬ್ಬುತ್ತಿತ್ತು. ಇದನ್ನು ನೆನೆಸಿಕೊಂಡು ನಾನು ಒಬ್ಬಳೇ ನಗುತ್ತಿದ್ದೆ.

ದಿನಾ ಬರುವವರಲ್ಲಿ ಮಾವನಿಗೆ ಹತ್ತಿರದವರು ಉಡಿಗಾಲದ ಗಾಡಿ ಅಜ್ಜ. ಪೇಟೆಗೆ ಸರಕು ಹೊಡೆಯುವ ಎತ್ತಿನ ಗಾಡಿ ಅವರದು. ಸಂಜೆ ತಮ್ಮೂರಿನ ದಾರಿ ಹಿಡಿಯುವ ಮೊದಲು ಹುಣಸೆ ಮರಕ್ಕೆ ಒಂದು ಸುತ್ತು ಬಂದೇ ಹೋಗಬೇಕು. ಎತ್ತುಗಳು ಹೇಳಿಸಿಕೊಳ್ಳದೆ ಆ ಕಡೆ ತಿರುಗುತ್ತಿದ್ದವಂತೆ. ಅಜ್ಜ ಎರಡು ಕರಟ ಕುಡಿದು, ಮಾವನ ಜೊತೆ ಎಲೆಅಡಿಕೆ ಹಾಕಿಕೊಂಡು, ಬೆಳಕಿರುವಾಗಲೇ ಹೊರಡುತ್ತಿದ್ದರು. ಮಾವ ಅವರನ್ನು ಅಣ್ಣ ಎನ್ನುತ್ತಿದ್ದರು. ಅವರು ಮಾವನನ್ನು ಯಜಮಾನ್ರೆ ಎನ್ನುತ್ತಿದ್ದರು.

ವ್ಯಾಪಾರ ಬೆಳೆಸಬೇಕೆಂದು ಹೊರಟದ್ದು ನನ್ನ ಗಂಡ. ಪೇಟೆಯ ಒಬ್ಬ ಪಾಲುದಾರನನ್ನು ಸೇರಿಸಿಕೊಂಡು, ಅಬಕಾರಿ ಹರಾಜಿನಲ್ಲಿ ಕೂಗಿ, ಮೊದಲು ಕುದೇರಿನ ಕಡೆ ಒಂದು ಅಂಗಡಿ ಹಿಡಿದರು. ಮುಂದಿನ ವರ್ಷ ಗುಂಡ್ಲುಪೇಟೆಯ ದಾರಿಯಲ್ಲಿ ಒಂದು, ಆಮೇಲೆ ಗುಂಡ್ಲುಪೇಟೆಯಲ್ಲೇ ಒಂದು. ಸೋಗೆಯ ಜಾಗಕ್ಕೆ ತಗಡು ಬಂತು. ಮಡಕೆಗಳು ಹೋಗಿ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಸರಕು ಸಾಗಿಸಲು ಒಂದು ಹಳೆಯ ವ್ಯಾನು ಬಂತು. ಮಾವನಿಗೆ ಇದೆಲ್ಲ ಹಿಡಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಹಿಡಿಸಿತ್ತು. ವ್ಯಾನಿನ ಮುಂದಿನ ಸೀಟಿನಲ್ಲಿ ಹೆಗಲಿಗೆ ಇಸ್ತ್ರಿ ಮಾಡಿದ ವಲ್ಲಿ ಹೊದ್ದು ಕೂತು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಅವರಿಗೆ ಮಕ್ಕಳಿಗಾಗುವ ಹಿಗ್ಗು. ಗುಂಡ್ಲುಪೇಟೆಯ ಅಂಗಡಿಯ ಹುಡುಗರು ಓನರ್ ಬಂದ್ರು ಎಂದು ಎದ್ದು ನಿಂತದ್ದನ್ನು ನನಗೆ ಎರಡು ಸಲ ಹೇಳಿದರು. ಅಂಗಡಿ ನನ್ನ ತವರೂರಿಗೇ ಬಂತಲ್ಲ ಎಂದು ನನಗೆ ಒಳಗೊಳಗೇ ಇರುಸುಮುರುಸು. ಅದೂ ಅವರಿಗೆ ಗೊತ್ತಿತ್ತು. ಅಲ್ಲಿಯ ಬೋರ್ಡಿನ ಮೇಲೆ ಮನೆತನದ ಹೆಸರು ಬರೆಸಬೇಡ ಎಂದು ಮಗನಿಗೆ ಹೇಳಿದ್ದರು.

ಅಂಗಡಿಗಳು ಹೆಚ್ಚಾದವು, ಮರಗಳು ಇದ್ದಷ್ಟೇ ಇದ್ದವು. ದೂರದಿಂದ ತರಿಸಿದ ಹೆಂಡ ದಾರಿಯಲ್ಲೇ ಹುಳಿಯಾಗುತ್ತಿತ್ತು. ಮಳೆಗಾಲದಲ್ಲಿ ಮರ ಕೊಡುವುದೂ ಕಡಿಮೆ. ಮೊದಲಿನ ಹಾಗೆ ಮಡಕೆ ಬೋರಲು ಹಾಕಿ ನಾಳೆ ಬನ್ನಿ ಎನ್ನಲು ಗುತ್ತಿಗೆಯ ಕಂತು ಬಿಡುತ್ತಿರಲಿಲ್ಲ. ಆಗ ಪಾಲುದಾರ ಒಂದು ಪೊಟ್ಟಣ ತಂದ. ಬಿಳಿ ಪುಡಿ. ನೀರಿಗೆ ಒಂದಿಷ್ಟು ಹೆಂಡ, ಒಂದಿಷ್ಟು ಸ್ಯಾಕರಿನ್ನು, ಆ ಪೌಡರು ಹಾಕಿ ಕಲಕಿದರೆ ಡ್ರಮ್ಮು ತುಂಬುತ್ತದೆ, ಕುಡಿದವನಿಗೆ ಮೊದಲಿಗಿಂತ ಹೆಚ್ಚು ಮತ್ತು ಬರುತ್ತದೆ ಎಂದನಂತೆ.

ನನ್ನ ಗಂಡ ಇದನ್ನು ಮಾವನಿಗೆ ಹೇಳಿದ್ದು ಒಂದು ಸಂಜೆ, ಮನೆಯ ಜಗಲಿಯಲ್ಲಿ. ನಾನು ಬಾಗಿಲ ಬಳಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಎಲ್ಲ ಕಡೆ ಹೀಗೇ ನಡೆಯುತ್ತಿದೆ, ನಾವೊಬ್ಬರು ಮಾಡದೆ ಹೋದರೆ ಬಾಗಿಲು ಮುಚ್ಚಬೇಕು, ಮನೆ ಮೇಲೆ ತೆಗೆದ ಸಾಲಕ್ಕೆ ಮನೆಯೇ ಹೋಗುತ್ತದೆ ಎಂದರು. ಮಾವ ಬೇಡ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ನನ್ನ ಗಂಡನೂ ಅದನ್ನೇ ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಮಾವ ವಲ್ಲಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ತುಂಬ ಹೊತ್ತು ಕೂತಿದ್ದರು. ಆಮೇಲೆ ಮಗನ ಮುಖ ನೋಡದೆ ಹೇಳಿದರು:

"ಉಣ್ಸೆಮರದ ಅಂಗ್ಡಿಗೆ ಒಸಿ ಕಮ್ಮಿ ಆಕ್ಲಾ. ಅಣ್ಣ ಬತ್ತದೆ."

ಅಷ್ಟೇ. ಬೇಡ ಎನ್ನಲಿಲ್ಲ. ಹಳೆಯ ಗೆಳೆಯ ಬರುವ ಅಂಗಡಿಗೆ ಸ್ವಲ್ಪ ಕಡಿಮೆ ಹಾಕು ಎಂದರು. ನಾನು ಕೈಯಲ್ಲಿದ್ದ ಕಲ್ಲನ್ನು ಎಸೆಯುವುದು ಮರೆತು ಹಿಡಿದುಕೊಂಡೇ ಕೂತಿದ್ದೆ. ನನಗೂ ಬಾಯಿ ಇತ್ತು. ರಾತ್ರಿ ಅಡಿಗೆಗೆ ಎಷ್ಟು ಅಕ್ಕಿ ಇಡಲಿ ಎಂದು ಕೇಳಿ ಎದ್ದು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ರೊಟ್ಟಿಗೆ ಬಂದಾಗ ಮೀಸೆ ಸ್ವಚ್ಛವಾಗಿತ್ತು. ಅದರ ಮರುದಿನವೂ. ಯಾಕೆ ಯಜಮಾನರೇ ಮೊದಲ ಕರಟ ಬಿಟ್ಟಿರಿ ಎಂದು ಅಂಗಡಿಯಲ್ಲಿ ಕೇಳಿದವರಿಗೆ, ಡಾಕ್ಟರು ಸಕ್ಕರೆ ಕಾಯಿಲೆ ಇದೆ ಅಂದಿದ್ದಾರೆ, ಹೆಂಡ ಮುಟ್ಟಬಾರದಂತೆ ಎಂದರಂತೆ. ಅವರು ಯಾವ ಡಾಕ್ಟರ ಬಾಗಿಲಿಗೂ ಹೋಗಿರಲಿಲ್ಲ. ಆದರೆ ಹೇಳಿದ ಮೇಲೆ ನಡೆಸಿಕೊಂಡು ಹೋಗಬೇಕಲ್ಲ. ಬೆಲ್ಲದ ಕಾಫಿ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಸಪ್ಪೆ ಕಾಫಿ ಕೇಳಿದರು. ಮನೆಯೊಳಗೆ ಯಾರು ನೋಡುತ್ತಾರೆ, ಬೆಲ್ಲ ಹಾಕುತ್ತೇನೆ ಎಂದರೂ ಒಪ್ಪಲಿಲ್ಲ. ಯುಗಾದಿಯ ಒಬ್ಬಟ್ಟನ್ನು ಎಲೆಯ ತುದಿಗೆ ಸರಿಸಿದರು. ಪಕ್ಕದ ಮನೆಯಾಕೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ಹಾಗಲಕಾಯಿಯ ರಸ ತಂದುಕೊಟ್ಟರೆ, ಆಕೆಯ ಎದುರಿಗೇ ಗಟಗಟ ಕುಡಿದು ಕಣ್ಣಲ್ಲಿ ನೀರು ತಂದುಕೊಂಡರು. ಮೊದಮೊದಲು ನನಗೆ ನಗು ಬರುತ್ತಿತ್ತು. ಒಂದು ಸುಳ್ಳಿಗೆ ಇಷ್ಟೊಂದು ನಿಷ್ಠೆ ಯಾಕೆ ಎನ್ನಿಸುತ್ತಿತ್ತು. ಬರಬರುತ್ತ ಅದು ಸುಳ್ಳು ನಡೆಸುವುದಲ್ಲ, ತಮಗೆ ತಾವೇ ಹಾಕಿಕೊಂಡ ದಂಡ ಎಂದು ತಿಳಿಯಿತು. ತಿಳಿದ ಮೇಲೆ ಆ ಸಪ್ಪೆ ಕಾಫಿಯ ಲೋಟವನ್ನು ಅವರ ಕೈಗೆ ಕೊಡುವಾಗ ನನಗೆ ಕಣ್ಣೆತ್ತಲು ಆಗುತ್ತಿರಲಿಲ್ಲ.

ಅಂಗಡಿಗಳು ಮಾತ್ರ ಚೆನ್ನಾಗಿ ನಡೆದವು. ಡ್ರಮ್ಮಿನ ನಲ್ಲಿ ಬತ್ತುವುದೇ ಇಲ್ಲ, ಬೋರಲು ಹಾಕಲು ಮಡಕೆಯೂ ಇರಲಿಲ್ಲ. ಸಾಲ ತೀರಿತು. ಹೆಂಚಿನ ಮನೆ ಇಳಿಸಿ ತಾರಸಿ ಹಾಕಿಸಿದೆವು. ನನ್ನ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದೆವು. ಗಾಡಿ ಅಜ್ಜ ಈಗ ಎರಡು ಕರಟಕ್ಕೆ ಏಳುತ್ತಿರಲಿಲ್ಲ ಎಂದು ಕೇಳಿದೆ. ಕತ್ತಲಾದ ಮೇಲೆ ಎತ್ತುಗಳೇ ಅವರನ್ನು ಊರಿಗೆ ಒಯ್ಯುತ್ತಿದ್ದವು.

ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಮಾಘ ಮಾಸದ ಒಂದು ಮಧ್ಯಾಹ್ನ, ಕೆಲಸದವನು ಬಾರದ ಕಾರಣ ನಾನೇ ಮಾವನಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಅಂಗಡಿಗೆ ಹೋದೆ. ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಗಾಡಿ ಅಜ್ಜ ಹೊಸಿಲ ಬಳಿ ನಿಂತು ಮದುವೆಗೆ ಕರೆಯುತ್ತಿದ್ದರು. ಮೊಮ್ಮಗನ ಮದುವೆ. ಕಾಗದ ಹಿಡಿದ ಕೈ ನಡುಗುತ್ತಿತ್ತು. ನನ್ನನ್ನೂ ಕರೆದರು. ಅವರ ಕಡೆ ಚಪ್ಪರ ಹಾಕುವ ದಿನ ಬಂದ ನೆಂಟರಿಗೆಲ್ಲ ಹೆಂಡ ಕೊಡುವುದು ಪದ್ಧತಿ.

"ಎಂಡ ನಿಮ್ಮದೇಯ. ನೀವೇ ಬಂದು ಮೊದ್ಲ ಕರಟ ಎತ್ಬೇಕು ಯಜಮಾನ್ರೆ. ಒಂದ್ ದಿವ್ಸುಕ್ಕೆ ಸಕ್ರೆ ಕಾಯ್ಲೆ ಏನೂ ಮಾಡಾಕಿಲ್ಲ. ನಮ್ಮ ಮನ್ಲಿ ನೀವ್ ಎತ್ದೆ ಯಾರೂ ಎತ್ತಾಕಿಲ್ಲ."

ಮಾವ ನನ್ನನ್ನು ನೋಡಿದರು, ಡ್ರಮ್ಮನ್ನು ನೋಡಿದರು. ಆಗಲಿ, ಬರುತ್ತೇನೆ ಎಂದರು. ಅಂಗಡಿಯದು ಬೇಡ, ನಾನೇ ಬೇರೆ ತರುತ್ತೇನೆ ಎಂದೂ ಸೇರಿಸಿದರು.

ಚಪ್ಪರದ ದಿನ ಬೆಳಗಾಗುವಾಗ ಮಾವ ಮನೆಯಲ್ಲಿ ಇರಲಿಲ್ಲ. ಹಳ್ಳದ ತೋಪಿಗೆ ಹೋಗಿ, ಅವತ್ತು ಇಳಿದ ಹೆಂಡ ಒಂದು ತೊಟ್ಟೂ ಡ್ರಮ್ಮಿಗೆ ಹೋಗದ ಹಾಗೆ ತಡೆದು, ಎಲ್ಲಿಂದಲೋ ಹುಡುಕಿದ ಹಳೆಯ ಮಡಕೆಗಳಿಗೆ ತುಂಬಿಸಿದ್ದರು. ಅರವತ್ತು ದಾಟಿದ ಮನುಷ್ಯ ಒಂದು ಮರವನ್ನು ತಾವೇ ಹತ್ತಿದ್ದರಂತೆ. ಮುಂಗೈಯ ಮೇಲೆ ಈಚಲ ಮುಳ್ಳು ಗೀರಿದ ಗೆರೆಗಳಿದ್ದವು. ನನ್ನ ಗಂಡ ಸಿಡಿಮಿಡಿಗೊಂಡರು. ಒಂದು ದಿನದ ಮಾತು ತಾನೆ ಎಂದು ಸುಮ್ಮನಾದರು. ಸಂಜೆ ಮಾವ ಮತ್ತು ನಾನು ವ್ಯಾನಿನಲ್ಲಿ ಮಡಕೆಗಳ ಜೊತೆ ಉಡಿಗಾಲಕ್ಕೆ ಹೊರಟೆವು. ಔಷಧದ ಅಂಗಡಿಯ ಹಾಗೆ ನಾರುತ್ತಿದ್ದ ವ್ಯಾನಿನಲ್ಲಿ ಅವತ್ತು ಸಿಹಿಹುಳಿಯ ವಾಸನೆ ತುಂಬಿತ್ತು. ಮದುಮಗಳಾಗಿ ಬಂದಾಗ ನಾನು ಮೂಗು ಮುಚ್ಚಿಕೊಂಡಿದ್ದ ವಾಸನೆಯೇ ಅದು. ಅವತ್ತು ನನಗೆ ಅದು ಹಿತವಾಗಿತ್ತು. ಮಾವ ದಾರಿಯುದ್ದಕ್ಕೂ ಮಾತಾಡಿದರು. ತಾವು ಮೊದಲ ಸಲ ಮರ ಹತ್ತಿ ಅರ್ಧದಲ್ಲಿ ಅಳುತ್ತ ಅಪ್ಪಿಕೊಂಡು ನಿಂತ ಕತೆ ಹೇಳಿ ನಗಿಸಿದರು. ಎರಡು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಚಪ್ಪರದ ಕೆಳಗೆ ನೆಂಟರೆಲ್ಲ ಸೇರಿದ್ದರು, ಹೆಣ್ಣಿನ ಕಡೆಯ ಬೀಗರೂ ಬಂದಿದ್ದರು. ನಾನು ಹೆಂಗಸರ ಜೊತೆ ಒಂದು ಮಗ್ಗುಲಲ್ಲಿ ಕುಂಬಳಕಾಯಿ ಹೆಚ್ಚುತ್ತ ಕೂತೆ. ಮಾವ ವಲ್ಲಿಯ ಗಂಟಿನಿಂದ ಕರಟ ತೆಗೆದರು. ಮಡಕೆಯಿಂದ ತುಂಬಿಕೊಂಡು, ಎಲ್ಲರಿಗೆ ಮುಖ ಮಾಡಿ ನಿಂತು, ಒಂದೇ ಸಲಕ್ಕೆ ಕುಡಿದು ಕೆಳಗಿಳಿಸಿದರು. ಮೀಸೆಯ ತುದಿಯಲ್ಲಿ ನೊರೆ ನಿಂತಿತ್ತು. ಗಾಡಿ ಅಜ್ಜನ ಮುಖ ಅರಳಿತು. ಮಡಕೆಗಳನ್ನು ಬಗ್ಗಿಸಿ ಎಲ್ಲರಿಗೂ ಕೊಟ್ಟರು.

ಮೊದಲು ಒಬ್ಬ ಹುಡುಗ ಇದೇನು ಎಳನೀರೇ ಎಂದು ಕೇಳಿದ. ಪಕ್ಕದವನು ಲೋಟವನ್ನು ಮೂಸಿ ನೋಡಿದ. ಎರಡನೇ ಸಲ ತುಂಬಿಸಿಕೊಂಡವರು ಮೂರನೇ ಸಲಕ್ಕೆ ಬರಲಿಲ್ಲ. ಯಾರಿಗೂ ಏನೂ ಏರಲಿಲ್ಲ. ಬೀಗರ ಕಡೆಯ ಒಬ್ಬ ಹಿರಿಯ ಲೋಟದಲ್ಲಿ ಮಿಕ್ಕಿದ್ದನ್ನು ಚಪ್ಪರದ ಕಂಬದ ಬುಡಕ್ಕೆ ಚೆಲ್ಲಿ, ನೆಂಟಸ್ತನಕ್ಕೆ ನೀರು ಬೆರೆಸಿ ಶುರು ಮಾಡಿದ್ದಾರೆ ಎಂದು ಗಟ್ಟಿಯಾಗಿಯೇ ಅಂದ. ಗಾಡಿ ಅಜ್ಜ ಎದ್ದು ಮಾವನ ಹತ್ತಿರ ಬಂದರು. ಅವರ ಹಣೆಯ ಮೇಲೆ ಬೆವರಿತ್ತು, ಕೈ ಇನ್ನೂ ನಡುಗುತ್ತಿತ್ತು.

"ನನ್ ಮೊಮ್ಮಗನ ಮದ್ವೇಲೇ ನೀರ್ ಬೆರುಸ್ಬುಟ್ರಾ ಯಜಮಾನ್ರೆ?"

ಮಾವ ಕರಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನೀರಿಲ್ಲ ಕಣಣ್ಣ. ಇದೇಯ ಎಂಡ. ಅಂಗ್ಡೀಲಿ ನಾನ್ ಕೊಡ್ತಿರದು ಎಂಡ ಅಲ್ಲ, ಅದುಕ್ಕೆ ಪೌಡ್ರು ಆಕುಸ್ತೀವಿ. ಅದುಕ್ಕೇ ನಾನ್ ಅದ್ನ ಕುಡೀನಿಲ್ಲ. ನಂಗ್ ಯಾವ ಸಕ್ರೆ ಕಾಯ್ಲೇನೂ ಇಲ್ಲ."

ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ಈಗ ಯಾರಾದರೂ ಎದ್ದು ಬಂದು ಹೊಡೆಯುತ್ತಾರೆ, ಇಲ್ಲವೇ ಕ್ಯಾಕರಿಸಿ ಉಗಿಯುತ್ತಾರೆ ಎಂದು ಕಾದೆ. ಉಗಿದಿದ್ದರೆ ಚೆನ್ನಾಗಿತ್ತು. ಮೊದಲು ಎಳನೀರೇ ಎಂದು ಕೇಳಿದ ಹುಡುಗ ನಕ್ಕು, ಅದೇನು ಹೊಸ ವಿಷಯವೇ, ಎಲ್ಲರಿಗೂ ಗೊತ್ತಿರುವುದೇ ಬಿಡಿ, ಅದನ್ನೇ ತರಿಸಿ ಎಂದ. ಸುತ್ತ ಇದ್ದವರೂ ನಕ್ಕರು. ಎರಡು ವರ್ಷ ಈ ಮನುಷ್ಯ ಕುಡಿದ ಸಪ್ಪೆ ಕಾಫಿ, ಹಾಗಲಕಾಯಿಯ ರಸ, ಎಲ್ಲವನ್ನೂ ಊರವರು ಗೊತ್ತಿದ್ದೂ ನೋಡಿಕೊಂಡಿದ್ದರು. ಮಾವನ ಕಿವಿ ಕೆಂಪಾದದ್ದು ನನಗೆ ಕೂತಲ್ಲಿಂದಲೇ ಕಂಡಿತು. ಗಾಡಿ ಅಜ್ಜ ಮಾತ್ರ ನಗಲಿಲ್ಲ. ನೆಲ ನೋಡುತ್ತ ನಿಂತಿದ್ದವರು ಮೆಲ್ಲಗೆ ಅಂದರು:

"ಯಾವ್ದಾರ ಆಗ್ಲಿ. ಒಂದ್ ಡ್ರಮ್ ತರ್ಸ್ಕೊಡಿ ಯಜಮಾನ್ರೆ. ಬೀಗ್ರ ಮುಂದೆ ನನ್ ಮಾನ ಉಳ್ಸಿ."

ಮಾವ ವ್ಯಾನು ಹತ್ತಿದರು. ಹುಣಸೆ ಮರದ ಅಂಗಡಿಗೆ ಹೋಗಿ ಒಂದು ಡ್ರಮ್ಮು ಹೇರಿಸಿಕೊಂಡು ಕತ್ತಲಾದ ಮೇಲೆ ತಿರುಗಿ ಬಂದರು. ಚಪ್ಪರದಲ್ಲಿ ಖುಷಿಯ ಗದ್ದಲವೆದ್ದಿತು. ಚೆಲ್ಲಿದ್ದ ಬೀಗನೇ ಮುಂದೆ ಬಂದು, ಇದರದ್ದೂ ಮೊದಲ ಕರಟ ನೀವೇ ಎತ್ತಿ ಎಂದ. ತಮಾಷೆಗೆ ಅಂದದ್ದಲ್ಲ, ಮರ್ಯಾದೆಗೆ ಅಂದದ್ದು. ಮಾವ ಗಾಡಿ ಅಜ್ಜನ ಮುಖ ನೋಡಿದರು. ಡ್ರಮ್ಮಿನ ನಲ್ಲಿಗೆ ಕರಟ ಒಡ್ಡಿ, ತುಂಬಿಸಿ, ಎಲ್ಲರ ಕಡೆ ತಿರುಗಿ ನಿಂತು ಪೂರ್ತಿ ಕುಡಿದರು. ಅದರಲ್ಲಿ ನೊರೆ ಇರಲಿಲ್ಲ. ಆಮೇಲೆ ತಾವೇ ಕೂತು ಡ್ರಮ್ಮು ತಳ ಕಾಣುವವರೆಗೆ ಬಂದವರಿಗೆಲ್ಲ ಬಗ್ಗಿಸಿ ಕೊಟ್ಟರು. ಮೂಲೆಯಲ್ಲಿ ಅವರು ತಂದ ಮಡಕೆಗಳು ಅರ್ಧಂಬರ್ಧ ತುಂಬಿಕೊಂಡೇ ಉಳಿದವು.

ವಾಪಸು ಬರುವಾಗ ಅವರು ವ್ಯಾನಿನ ಕಿಟಕಿಗೆ ತಲೆ ಕೊಟ್ಟು ಬಾಯಿ ತೆರೆದು ನಿದ್ದೆ ಹೋದರು. ನಾನು ಮತ್ತು ಡ್ರೈವರು ಕೈ ಹಿಡಿದು ಇಳಿಸಬೇಕಾಯಿತು. ಕೋಳಿ ಕೂಗುವ ಮೊದಲೇ ಏಳುತ್ತಿದ್ದವರು ಮಾರನೆಯ ದಿನ ಬಿಸಿಲು ಏರಿದರೂ ಏಳಲಿಲ್ಲ. ಎದ್ದ ಮೇಲೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ಕೂತರು. ನಾನು ನೀರು ಕೊಟ್ಟೆ. ಲೋಟ ಅವರ ಕೈಯಲ್ಲಿ ನಡುಗಿತು. ಆ ನಡುಗುವ ಕೈಯನ್ನೇ ನೋಡುತ್ತ ಕೇಳಿದರು:

"ಇಷ್ಟ್ ದಿನ ಅವ್ರುಗೆಲ್ಲ ಇಂಗೇ ಆಯ್ತಿತ್ತೇನವ್ವ?"

ನಾನು ಲೋಟದ ತಳಕ್ಕೆ ಕೈ ಕೊಟ್ಟು ನೀರು ಕುಡಿಸಿದೆ.

ಅಂದಿನಿಂದ ಅವರು ಅಂಗಡಿಯ ಕಡೆ ಹೋಗಲಿಲ್ಲ. ಅಂಗಡಿಗಳು ನಿಲ್ಲಲಿಲ್ಲ. ನಿಮ್ಮ ಮಗನಿಗೆ ನಿಲ್ಲಿಸು ಎಂದು ನೀವೇ ಹೇಳಿ ಎಂದು ಒಮ್ಮೆ ಕೇಳಿದೆ. ಹಾಗೆ ಕೇಳಲು ನನಗೆ ಎಷ್ಟು ಹಕ್ಕಿತ್ತೋ ಗೊತ್ತಿಲ್ಲ. ಹೊಸ ತಾರಸಿಯ ನೆರಳಿನಲ್ಲಿ ಕೂತೇ ಕೇಳಿದ್ದೆ.

"ಅವತ್ತು ನಾನೇ ಊ ಅಂದೆ. ಈಗ ಯಾವ್ ಬಾಯಲ್ಲಿ ಬ್ಯಾಡ ಅನ್ಲಿ?" ಎಂದರು.

ಸಂಜೆ ಗಾಡಿ ಅಜ್ಜನ ಎತ್ತುಗಳ ಗಂಟೆ ಕೇಳಿಸುವ ಹೊತ್ತಿಗೆ ಮಾವ ಜಗಲಿಯಿಂದ ಎದ್ದು ಒಳಗೆ ಬಂದುಬಿಡುತ್ತಿದ್ದರು. ಗಂಟೆಯ ಸದ್ದು ದೂರವಾದ ಮೇಲೆ ಮತ್ತೆ ಹೋಗಿ ಕೂರುತ್ತಿದ್ದರು. ಅಜ್ಜನ ಮೇಲೆ ಅವರಿಗೆ ಕೋಪವಿರಲಿಲ್ಲ. ಮುಖ ಕೊಡಲು ಆಗುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಸುಳ್ಳನ್ನು ಇನ್ನು ಯಾರಿಗಾಗಿ ನಡೆಸಬೇಕು ಎಂದು ನಾನು ಒಂದು ದಿನ ಅವರನ್ನು ಕೇಳದೆಯೇ ಕಾಫಿಗೆ ಬೆಲ್ಲ ಹಾಕಿಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಬ್ಯಾಡ ಕಣವ್ವ, ಅಭ್ಯಾಸ ತಪ್ಪೋಯ್ತು ಎಂದರು.

ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ದೊಡ್ಡ ಕಾಯಿಲೆ ಏನೂ ಇರಲಿಲ್ಲ. ಒಂದು ಚಳಿಗಾಲ ಜ್ವರ ಬಂತು, ಮಲಗಿದವರು ಏಳಲಿಲ್ಲ. ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದರೆ ಮೀಸೆಗೆ ಅಂಟುತ್ತಿತ್ತು. ನಾನು ಒರೆಸಲು ಹೋದರೆ ತಾವೇ ಕೈಯೆತ್ತಿ ಒರೆಸಿಕೊಳ್ಳುತ್ತಿದ್ದರು. ಗಾಡಿ ಅಜ್ಜ ಮಣ್ಣಿಗೆ ಬಂದಿದ್ದರು. ಒಂದು ಹಿಡಿ ಮಣ್ಣು ಹಾಕಿ, ಗಾಡಿ ತಿರುಗಿಸಿಕೊಂಡು ಹೋದರು.

ಮುಂದಿನ ಪಿತೃಪಕ್ಷಕ್ಕೆ ಎಡೆ ಇಟ್ಟೆವು. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಎಳೆದು, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕಾಯುವುದು ನಮ್ಮ ಕಡೆಯ ಪದ್ಧತಿ. ನಾನು ಮಾಂಸದ ಸಾರು, ಮುದ್ದೆ, ಒಬ್ಬಟ್ಟು ಮಾಡಿದ್ದೆ. ಬೆಲ್ಲದ ಕಾಫಿಯನ್ನೂ ಇಟ್ಟೆ. ನನ್ನ ಗಂಡ ಅಂಗಡಿಯಿಂದ ಒಂದು ಕ್ಯಾನು ತಂದಿದ್ದರು. ಮಾವನ ಕರಟವನ್ನು ತೊಳೆದು ಎಲೆಯ ಪಕ್ಕ ಇಟ್ಟು ಕ್ಯಾನು ಬಗ್ಗಿಸಲು ಹೋದವರು ಕೈ ತಡೆದರು. ಆಮೇಲೆ ನನ್ನ ಕಡೆ ತಿರುಗಿದರು. ಅಷ್ಟು ವರ್ಷ ಈ ವಿಷಯದಲ್ಲಿ ಅವರು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

"ಅಪ್ಪ ಇದ್ನ ಮುಟ್ಟಾನಾ?"

"ಇಲ್ಲ" ಎಂದೆ.

ಅವರು ಕ್ಯಾನನ್ನು ಹೊರಗೆ ಒಯ್ದು ಇಟ್ಟು ಬಂದರು. ಬೇರೆ ಹೆಂಡ ಎಲ್ಲಿಂದ ತರುವುದು? ಹಳ್ಳದ ತೋಪಿನದೆಲ್ಲ ಬೆಳಿಗ್ಗೆಯೇ ಡ್ರಮ್ಮಿಗೆ ಸೇರಿ ಆಗಿತ್ತು. ಕೊನೆಗೆ ಅವರು ಕರಟವನ್ನು ಎತ್ತಿ, ಎಲೆಯ ತುದಿಯಲ್ಲಿ, ಹಿಂದೆ ಅಂಗಡಿಯ ಬಾಗಿಲಲ್ಲಿ ಮಾವ ಮಡಕೆ ಇಡುತ್ತಿದ್ದ ಹಾಗೆ, ಬೋರಲು ಹಾಕಿದರು.

ಈಗಲೂ ಪ್ರತಿ ವರ್ಷ ಹಾಗೇ ಇಡುತ್ತೇವೆ. ಅಂಗಡಿಗಳು ಹೋಗಿ ಎಷ್ಟೋ ಕಾಲವಾಯಿತು, ತಾರಸಿ ಮನೆ ಉಳಿದಿದೆ. ಆ ಪೌಡರಿನ ದುಡ್ಡಿನಲ್ಲಿ ಓದಿದ ನನ್ನ ಮಗ, ತಾತನ ಕರಟ ಯಾಕಮ್ಮ ಖಾಲಿ ಎಂದು ಒಮ್ಮೆ ಕೇಳಿದ. ನಿಮ್ಮ ತಾತ ತಾವು ಕುಡಿಯದೇ ಇರುವುದನ್ನು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಗೋಡೆಯ ಮೇಲಿನ ಫೋಟೋದಲ್ಲಿ ಮಾವ ನನ್ನನ್ನೇ ನೋಡುತ್ತಿದ್ದರು. ಕೊಟ್ಟರು, ನಾವು ಕೊಡಿಸಿದೆವು ಎಂದು ಹೇಳಿ, ಅವನಿಗೆ ಇದನ್ನೆಲ್ಲ ಮೊದಲಿನಿಂದ ಹೇಳಿದೆ.